ಒಳಗೆ ಬಿಟ್ಟ ಬಟ್ಟೆ

ನಮ್ಮಕ್ಕನನ್ನು ಮನೆಯಲ್ಲಿ ಎಲ್ಲರೂ ಗುಂಡಿ ಎಂದೇ ಕರೆಯುತ್ತಿದ್ದುದು. ಹುಟ್ಟಿದಾಗಲೇ ದುಂಡಗಿದ್ದಳಂತೆ, ಅಪ್ಪ ಇಟ್ಟ ಅಡ್ಡಹೆಸರು. ಆಮೇಲೆ ಹುಟ್ಟಿದ ತಂಗಿ ನಾನು ಕಡ್ಡಿ. ನಾನು ದರ್ಜಿಯಾಗಿ ಅಂಗಡಿ ಇಟ್ಟ ಮೇಲೆ ಈ ತಮಾಷೆಗೆ ಇನ್ನೊಂದು ರೆಕ್ಕೆ ಬಂತು. ಅಕ್ಕ ಬಂದು ಸ್ಟೂಲಿನ ಮೇಲೆ ಕೂತರೆ, "ನನ್ನಂಗಡಿ ಗುಂಡಿಗಳಲ್ಲೆಲ್ಲ ಇದೇ ದೊಡ್ಡದು, ಇದಕ್ಕೆ ಕಾಜಾ ಹೊಲಿಯೋರು ಇನ್ನೂ ಹುಟ್ಟಿಲ್ಲ" ಎಂದು ಗಿರಾಕಿಗಳ ಮುಂದೆಯೇ ರೇಗಿಸುತ್ತಿದ್ದೆ. ಅವಳೂ ನಗುತ್ತಿದ್ದಳು. ನಗದೆ ಏನು ಮಾಡುತ್ತಾಳೆ? ದಪ್ಪಗಿರುವವರು ತಮ್ಮ ಮೇಲಿನ ತಮಾಷೆಗೆ ಎಲ್ಲರಿಗಿಂತ ಮೊದಲು ನಗಬೇಕು, ಇಲ್ಲದಿದ್ದರೆ ಸಿಡುಕಿ ಅನ್ನಿಸಿಕೊಳ್ಳಬೇಕು.

ಅವಳಿಗೆ ಊರಿನ ಲೈಬ್ರರಿಯಲ್ಲಿ ಕೆಲಸ. ಜನ ಓದಿ ತಂದ ಪುಸ್ತಕಗಳನ್ನು ವಾಪಸ್ ತೆಗೆದುಕೊಳ್ಳುವ ಕೌಂಟರಿನಲ್ಲಿ ಕೂರುತ್ತಿದ್ದಳು. ಕೈಯಿರುವ ಕುರ್ಚಿ ಅವಳಿಗೆ ಬಿಗಿಯಾಗುತ್ತಿತ್ತು. ಏಳುವಾಗ ಕುರ್ಚಿಯೂ ಜೊತೆಗೆ ಏಳುತ್ತಿತ್ತು. ಅದನ್ನು ನೋಡಲೆಂದೇ ಶಾಲೆ ಮಕ್ಕಳು ಕಪಾಟಿನ ಹಿಂದೆ ನಿಂತು, "ಡ್ರಮ್ಮಕ್ಕ, ಡ್ರಮ್ಮಕ್ಕ, ಆ ಮೇಲಿನ ಪುಸ್ತಕ ಕೊಡಿ" ಎನ್ನುತ್ತಿದ್ದವು. ಆ ಮಕ್ಕಳ ಕಿವಿ ಹಿಂಡಬೇಕಿತ್ತು. ಅಕ್ಕ ಎದ್ದು ಪುಸ್ತಕ ಕೊಡುತ್ತಿದ್ದಳು.

ಒಂದು ದಿನ ಯಾರೋ ತಂದುಕೊಟ್ಟ ಹಸಿರು ರಟ್ಟಿನ ಪುಸ್ತಕ ಅವಳ ಕೈಗೆ ಸಿಕ್ಕಿತು. ಸೊಪ್ಪು, ತರಕಾರಿ, ಹಣ್ಣು, ಕಾಳು ತಿಂದು ಮೈ ಇಳಿಸುವುದು ಹೇಗೆ ಎಂದು ಅದರಲ್ಲಿ ಬರೆದಿತ್ತು. ಅದನ್ನು ಮುಗಿಸಿ ಅಂಥದ್ದೇ ಇನ್ನೊಂದು ತಂದಳು, ಮತ್ತೊಂದು ತಂದಳು. ಲೈಬ್ರರಿಯಲ್ಲಿ ಆ ಸಾಲು ಮುಗಿಯುವವರೆಗೆ ಬಿಡಲಿಲ್ಲ. ಆದರೆ ಅವಳ ಪಾಲಿಗೆ ದೊಡ್ಡದು ಮೊದಲಿನ ಆ ಹಸಿರು ಪುಸ್ತಕವೇ. ಊಟದ ಮೇಜಿನ ಮೇಲೆ ತಟ್ಟೆಯ ಪಕ್ಕದಲ್ಲಿ ಅದನ್ನು ತೆರೆದಿಟ್ಟುಕೊಂಡು ಓದುತ್ತಾ ತಿನ್ನುತ್ತಿದ್ದಳು. ಪುಟಗಳಿಗೆಲ್ಲ ಸೌತೆಕಾಯಿ ವಾಸನೆ ಹತ್ತಿತ್ತು.

ಮೊದಲು ಮಾಂಸ ಹೋಯಿತು, ಆಮೇಲೆ ಮೊಟ್ಟೆ, ಹಾಲು, ಬೆಣ್ಣೆ, ಎಣ್ಣೆ. ಕೊನೆಗೆ ಗಡ್ಡೆಗೆಣಸು. ನೆಲದ ಮೇಲೆ ಬೆಳೆದದ್ದು ಮೈ ಹಗುರ ಮಾಡುತ್ತದಂತೆ, ನೆಲದ ಕೆಳಗೆ ಬೆಳೆದದ್ದು ಮೈಯನ್ನು ನೆಲಕ್ಕೇ ಎಳೆಯುತ್ತದಂತೆ. ಹಾಗೆ ಬರೆದಿದೆ ಎಂದು ಅಕ್ಕ ಗಟ್ಟಿಯಾಗಿ ಓದಿ ಹೇಳಿದಳು. ಭಾವ ಬಸ್ ಡ್ರೈವರು, ಆಲೂಗಡ್ಡೆ ಇಲ್ಲದೆ ಅವರಿಗೆ ತುತ್ತು ಇಳಿಯುವುದಿಲ್ಲ.

"ರೀ, ನಮ್ಮನೇಲಿ ಇನ್ಮೇಲೆ ಗಡ್ಡೆ ಅನ್ನೋ ಮಾತೇ ಎತ್ತಬಾರದು" ಎಂದಳು ಅಕ್ಕ.

"ಆಯ್ತು ಮಹಾತಾಯಿ" ಎಂದರು ಭಾವ. ಡಿಪೋ ಕ್ಯಾಂಟೀನಿನಲ್ಲಿ ಹೊಟ್ಟೆ ತುಂಬಾ ತಿಂದು ಬಂದು, ಮನೆಯಲ್ಲಿ ಪಾಪದವರ ಹಾಗೆ ಎಲೆಕೋಸು ಅಗಿಯುತ್ತಿದ್ದರು. ನನಗೆ ಗೊತ್ತಿತ್ತು, ಬಾಯಿ ಬಿಡಲಿಲ್ಲ.

ಬಿಡುತ್ತಾಳೆ ಬಿಡು, ಎಷ್ಟು ದಿನ ಈ ಶೋಕಿ ಅಂದುಕೊಂಡಿದ್ದೆ. ಬಿಡಲಿಲ್ಲ. ಅಕ್ಕ ಇಳಿಯತೊಡಗಿದಳು. ಮೊದಮೊದಲು ನಿಧಾನಕ್ಕೆ, ಆಮೇಲೆ ಸರಸರ. "ಮೊದಲಿನ ಹಾಗೆ ತಿನ್ನೋಕೇ ಆಗಲ್ಲ ಕಣೇ, ನಾಕು ತುತ್ತಿಗೇ ಹೊಟ್ಟೆ ತುಂಬಿಬಿಡುತ್ತೆ" ಎನ್ನುತ್ತಿದ್ದಳು. ಹೀಗಾಗುತ್ತದೆ, ಹೊಟ್ಟೆಯೇ ಕುಗ್ಗುತ್ತದೆ ಎಂದು ಪುಸ್ತಕದಲ್ಲೂ ಇತ್ತು. ಆ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದಳು. ಬೇರೆಯವರು ಪುಸ್ತಕದಲ್ಲಿ ಗೆರೆ ಎಳೆದರೆ ಜಗಳಕ್ಕೇ ನಿಲ್ಲುತ್ತಿದ್ದವಳು ಅವಳು.

ಕೆಲಸಕ್ಕೆ ಹಾಕಿಕೊಳ್ಳುವ ಕಡುನೀಲಿ ಗೌನು ನಾನೇ ಹೊಲಿದದ್ದು. ಮುಂದೆ ಕತ್ತಿನಿಂದ ಕೆಳಗಿನವರೆಗೆ ಗುಂಡಿ. ಅದು ಜೋಲಾಡತೊಡಗಿದಾಗ ಪಕ್ಕೆಯಲ್ಲಿ ಹಿಡಿದು ಬಿಗಿ ಮಾಡಿಕೊಟ್ಟೆ. ಮತ್ತೆ ಜೋಲಾಡಿತು, ಮತ್ತೆ ಹಿಡಿದೆ. ನೀಲಿ ಬಟ್ಟೆಯ ಗುಣ ಏನೆಂದರೆ ಬಿಚ್ಚಿದ ಹೊಲಿಗೆಯ ಗುರುತು ಹೋಗುವುದಿಲ್ಲ, ಸೂಜಿ ಚುಚ್ಚಿದ ಕಡೆಯೆಲ್ಲ ಬೆಳ್ಳಗೆ ಚುಕ್ಕಿ ನಿಲ್ಲುತ್ತದೆ. ಗೌನಿನ ಒಳಮೈಯಲ್ಲಿ ಸಾಲು ಸಾಲು ಚುಕ್ಕಿ. ಸಾಲು ಒಂದು ಹೆಚ್ಚಾದ ಹಾಗೆಲ್ಲ ಅಕ್ಕ ಕನ್ನಡಿಯ ಮುಂದೆ ನಿಲ್ಲುವ ಹೊತ್ತು ಹೆಚ್ಚಾಯಿತು. ನಾನೂ ಅವಳ ಹಿಂದೆ ನಿಂತು, "ಅಬ್ಬಬ್ಬಾ, ಏನ್ ಸೊಂಟ ಏನ್ ಕಥೆ! ಭಾವ ಇನ್ನೊಂದ್ಸಲ ಮದುವೆ ಆಗ್ಬೇಕು ನಿನ್ನ" ಎನ್ನುತ್ತಿದ್ದೆ. ಊರೇ ಹೊಗಳುತ್ತಿತ್ತು. ಏನು ತಿಂತೀರಿ, ಯಾವ ಪುಸ್ತಕ, ನಮಗೂ ಹೇಳಿ ಎಂದು ಕೌಂಟರಿಗೆ ಹೆಂಗಸರು ಮುತ್ತಿಕೊಳ್ಳುತ್ತಿದ್ದರು.

ಹಾಗೆ ಒಂದು ಸಲ ಗೌನು ಹಿಡಿದುಕೊಟ್ಟಾಗ ಅಕ್ಕ ಅದನ್ನು ಒಳಮಗ್ಗುಲು ತಿರುಗಿಸಿ ನೋಡಿದಳು. ಎರಡೂ ಪಕ್ಕೆಯಲ್ಲಿ ಅಂಗೈ ಅಗಲ ಬಟ್ಟೆ ಮಡಚಿಕೊಂಡು ಕೂತಿತ್ತು.

"ಇದನ್ನ ಕತ್ತರಿಸಿ ಬಿಸಾಕೇ. ಒಳಗೆ ಗಂಟುಗಂಟಾಗಿ ಚುಚ್ಚುತ್ತೆ."

"ಅದೆಲ್ಲ ಆಗಲ್ಲ. ನನ್ನ ಅಂಗಡೀಲಿ ಒಳಗೆ ಬಟ್ಟೆ ಬಿಡದೆ ಯಾರಿಗೂ ಹೊಲಿಯಲ್ಲ."

"ಮತ್ತೆ ದಪ್ಪ ಆಗ್ತಾಳೆ ಅಂತ ತಾನೇ ಇಟ್ಟಿರೋದು? ಹೇಳು, ಅದಕ್ಕೇ ತಾನೆ?"

"ಅಕ್ಕಾ, ಮೈ ಅಂದ್ಮೇಲೆ ಏರುತ್ತೆ ಇಳಿಯುತ್ತೆ. ಕತ್ತರಿಸಿದ್ದನ್ನ ಆಮೇಲೆ ಅಂಟಿಸೋಕಾಗುತ್ತಾ?"

"ನಿನಗೆ ಹೊಟ್ಟೆಕಿಚ್ಚು" ಎಂದಳು. "ಇಷ್ಟು ದಿನ ನೀನೊಬ್ಬಳೇ ಕಡ್ಡಿ ಆಗಿದ್ದೆ."

ಮೈಯೆಲ್ಲ ಉರಿದುಹೋಯಿತು. ಗೌನನ್ನು ಅವಳ ಮಡಿಲಿಗೆ ಎಸೆದು, ಬೇಕಿದ್ದರೆ ಬೇರೆ ದರ್ಜಿಯನ್ನು ನೋಡಿಕೋ ಎಂದುಬಿಟ್ಟೆ. ಅವಳು ಗೌನು ಮಡಚಿ ಹೋದಳು. ಬೇರೆ ದರ್ಜಿಯ ಹತ್ತಿರವೂ ಹೋಗಲಿಲ್ಲ, ನನ್ನಂಗಡಿಗೂ ಬರಲಿಲ್ಲ. ನಾನೂ ಹೋಗಲಿಲ್ಲ. ನಮ್ಮಿಬ್ಬರ ಜಂಭ ಒಂದೇ ಅಳತೆಯದು.

ಆಮೇಲೆ ಬಂದವರು ಭಾವ. ಮಟಮಟ ಮಧ್ಯಾಹ್ನ, ಡ್ಯೂಟಿಯ ಖಾಕಿ ಬಟ್ಟೆಯಲ್ಲೇ ಬಂದು ಅಂಗಡಿಯ ಬಾಗಿಲಲ್ಲಿ ನಿಂತರು. ನಾನು ಯಾವುದೋ ಶಾಲೆಯ ಸಮವಸ್ತ್ರಕ್ಕೆ ಅಂಚು ಹೊಡೆಯುತ್ತಿದ್ದೆ.

"ನಿಮ್ಮಕ್ಕ ಲೈಬ್ರರೀಲಿ ತಲೆಸುತ್ತಿ ಬಿದ್ದಳು. ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದೆ. ಹೊಟ್ಟೆ ಒಳಗೆ ನಳಿಗೆ ಬಿಟ್ಟು ನೋಡಿದ್ರು."

"ಸೊಪ್ಪು ತಿಂದು ತಿಂದು ಬೀಳದೆ ಇನ್ನೇನು? ಏನಂತೆ?"

"ಗಡ್ಡೆ ಅಂತೆ. ಹೊಟ್ಟೇಲಿ."

ನಾನು ಗೊಳ್ಳೆಂದು ನಕ್ಕುಬಿಟ್ಟೆ. "ಸಿಕ್ಕಿಬಿದ್ದಳಾ ಕಳ್ಳಿ! ಮನೇಲಿ ನಿಮಗೆಲ್ಲ ಎಲೆಕೋಸು ಹಾಕಿ, ತಾನು ಕದ್ದು ಆಲೂಗಡ್ಡೆ ತಿಂತಿದ್ದಳಾ? ಎಷ್ಟು ತಿಂದಿದ್ದಾಳಂತೆ?"

ಭಾವ ನಗಲಿಲ್ಲ. ಕೈಯಲ್ಲಿದ್ದ ಟೋಪಿಯನ್ನು ತಿರುಗಿಸುತ್ತಾ ನಿಂತಿದ್ದರು.

"ಆ ಗಡ್ಡೆ ಅಲ್ಲ ಕಣಮ್ಮ" ಎಂದರು.

ನನ್ನ ಕಾಲು ಮೆಷಿನ್ನಿನ ಪೆಡಲಿನ ಮೇಲೆಯೇ ಇತ್ತು, ಅದು ತುಳಿಯುತ್ತಲೇ ಹೋಯಿತು. ಸೂಜಿ ಬಟ್ಟೆ ದಾಟಿ ಬರಿ ತಗಡಿನ ಮೇಲೆ ಟಕಟಕ ಬಡಿಯುತ್ತಿದ್ದರೂ ನನಗೆ ತಿಳಿಯಲಿಲ್ಲ. ಭಾವನೇ ಬಂದು ಚಕ್ರ ಹಿಡಿದು ನಿಲ್ಲಿಸಿದರು. ಆ ನಗುವಿಗೆ ಈಗಲೂ ನನ್ನನ್ನು ನಾನೇ ಬೈದುಕೊಳ್ಳುತ್ತೇನೆ. ಆದರೆ ನೀವೇ ಹೇಳಿ, ಎರಡಕ್ಕೂ ಒಂದೇ ಪದ ಇಟ್ಟವರು ಯಾರು?

ಅಕ್ಕ ನನಗಿಂತ ಹೆಚ್ಚಿನವಳು. ಡಾಕ್ಟರ ಮುಂದೆಯೇ, "ನಾನು ಗಡ್ಡೆ ಬಿಟ್ಟು ವರ್ಷವಾಯ್ತಲ್ಲ ಡಾಕ್ಟ್ರೇ, ಇದೆಲ್ಲಿಂದ ಬಂತು?" ಎಂದು ಕೇಳಿದ್ದಳಂತೆ.

ಡಾಕ್ಟರು ನನ್ನ ವಯಸ್ಸಿನ ಹೆಂಗಸು, ಮಾತಿನಲ್ಲಿ ಸುತ್ತುಬಳಸು ಇಲ್ಲ. ಮುಂದಿನ ಸಲ ನಾನೂ ಹೋಗಿದ್ದೆ. ಮೂವರನ್ನೂ ಎದುರಿಗೆ ಕೂರಿಸಿಕೊಂಡು ಹೇಳಿದರು. ಕ್ಯಾನ್ಸರ್. ಜಠರದಲ್ಲಿ ಕೂತಿದೆ. ಸ್ವಲ್ಪ ತಿಂದರೂ ಹೊಟ್ಟೆ ತುಂಬುತ್ತಿದ್ದುದು ಅದಕ್ಕೇ, ಮೈ ಸರಸರ ಇಳಿದದ್ದೂ ಅದಕ್ಕೇ.

"ಸೊಪ್ಪು ತರಕಾರಿಯಿಂದ ಬಂದದ್ದಲ್ಲ" ಎಂದೂ ಹೇಳಿದರು. "ಅದು ಒಳ್ಳೇದೇ. ಆದರೆ ಇಳೀತಿರೋದು ಅದರಿಂದ ಅಂತ ಎಲ್ಲರೂ ಸುಮ್ಮನಿದ್ದುಬಿಟ್ರಿ."

"ತೆಗೀಬಹುದಾ?" ಎಂದರು ಭಾವ.

"ತೆಗೀಬಹುದು. ಈಗಲ್ಲ. ಇಷ್ಟು ಸೊರಗಿರೋ ಮೈಗೆ ಕತ್ತಿ ಹಾಕಿದ್ರೆ ಎದ್ದೇಳಲ್ಲ. ಔಷಧಿ ಶುರು ಮಾಡೋಣ, ಅಷ್ಟರೊಳಗೆ ಮೈ ತುಂಬಿಕೊಳ್ಳಬೇಕು. ಮೊಟ್ಟೆ, ಹಾಲು, ಬೆಣ್ಣೆ, ಆಲೂಗಡ್ಡೆ, ಏನು ಇಳಿಯುತ್ತೋ ಅದು."

"ಅಂದ್ರೆ ದಪ್ಪ ಆಗ್ಬೇಕಾ?" ಎಂದಳು ಅಕ್ಕ.

"ಹೂಂ ಅಮ್ಮ. ಬದುಕಬೇಕು ಅಂದ್ರೆ ದಪ್ಪ ಆಗ್ಬೇಕು."

ಕ್ಯಾನ್ಸರ್ ಎಂದಾಗ ಅಲುಗಾಡದೆ ಕೂತಿದ್ದವಳ ಮುಖ ಆಗ ಬಿಳಿಚಿಕೊಂಡಿತು.

ಮನೆಗೆ ಬಂದು ನೋಡಿದರೆ ಮತ್ತೆ ಅದೇ ಸೌತೆಕಾಯಿ, ಅದೇ ಹಸಿರು ಪುಸ್ತಕ. ಭಾವ ಬೇಯಿಸಿ ತಂದ ಮೊಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಮಾರನೆಯ ದಿನವೂ ಅಷ್ಟೇ. ಭಾವ ಕೈಮುಗಿದರು, ಕೂಗಾಡಿದರು, ಕೊನೆಗೆ ನನ್ನನ್ನು ಕರೆದರು. ನಾನು ಹೋದಾಗ ಅಕ್ಕ ಮೇಜಿನ ಮುಂದೆ ಕೂತು ಪುಸ್ತಕದ ಹಿಂದಿನ ಪುಟಗಳನ್ನು ಮಗುಚುತ್ತಿದ್ದಳು.

"ನೋಡು, ಇಲ್ಲಿ ಬರೆದಿದೆ. ಹೊಟ್ಟೆಗೆ ಕಡಿಮೆ ಹಾಕಿದ್ರೆ ಕೆಟ್ಟ ಗಡ್ಡೆಗಳೂ ಒಣಗುತ್ತವಂತೆ."

"ಅದು ಒಣಗೋಕೆ ಮುಂಚೆ ನೀನು ಒಣಗ್ತೀಯ! ಪುಸ್ತಕ ಬರೆದೋನು ನಿನ್ನ ಹೊಟ್ಟೆ ಒಳಗೆ ಇಣುಕಿ ನೋಡಿದ್ದಾನಾ? ಕೊಡಿಲ್ಲಿ, ಒಲೆಗೆ ಹಾಕ್ತೀನಿ ಅದನ್ನ."

"ಮುಟ್ಟಬೇಡ. ಲೈಬ್ರರಿ ಪುಸ್ತಕ ಅದು."

"ಹಾಳಾಗಿ ಹೋಗಲಿ ನಿನ್ನ ಲೈಬ್ರರಿ! ಸಾಯ್ತೀಯ ಕಣೇ ಅಕ್ಕಾ, ಅರ್ಥ ಆಗ್ತಿದೆಯಾ? ಸಾಯ್ತೀಯ!"

ಅವಳು ಪುಸ್ತಕ ಮುಚ್ಚಿದಳು. ನಾನು ಕಿರುಚಿದರೆ ತಾನೂ ಕಿರುಚುವವಳು ಆವತ್ತು ದನಿ ಏರಿಸಲಿಲ್ಲ.

"ಆ ಶಾಲೆ ಮಕ್ಕಳು ಈಗ ನನ್ನ ಅಕ್ಕಾ ಅಂತವೆ ಕಣೇ. ಬರೀ ಅಕ್ಕಾ. ನಿನಗೆ ಅದು ಏನು ಅಂತ ಗೊತ್ತಿಲ್ಲ, ನೀನು ಹುಟ್ಟು ಕಡ್ಡಿ. ಬಸ್ಸಲ್ಲಿ ಪಕ್ಕದ ಸೀಟಲ್ಲಿ ಜನ ಬಂದು ಕೂರ್ತಾರೆ. ಕುರ್ಚಿ ನನ್ನ ಜೊತೆ ಏಳಲ್ಲ. ಜೀವಮಾನದಲ್ಲಿ ನಾನು ಹಿಡಿದು ಮಾಡಿ ಮುಗಿಸಿದ್ದು ಇದೊಂದೇ. ಅದನ್ನೂ ನೀನು ಮಾಡಿದ್ದಲ್ಲ, ರೋಗ ಮಾಡಿದ್ದು ಅಂತೀರ. ನಾನು ಮಾಡಿದ್ದು ಅಂತ ಒಂದಾದ್ರೂ ಬೇಡ್ವಾ ನನಗೆ?"

ಅಂಗಡಿಯಲ್ಲಿ ಎಲ್ಲರ ಮುಂದೆ ಕಾಜಾ, ಗುಂಡಿ ಎಂದು ರೇಗಿಸಿದ್ದವಳು ನಾನೇ. ಒಳಕೋಣೆಗೆ ಹೋಗಿ ಗೂಟಕ್ಕೆ ನೇತುಹಾಕಿದ್ದ ನೀಲಿ ಗೌನು ತಂದೆ. ಒಳಮಗ್ಗುಲು ತಿರುಗಿಸಿ ಅವಳ ಮುಂದೆ ಹರಡಿದೆ. ಅವಳ ಬೆರಳು ಹಿಡಿದು ಚುಕ್ಕಿಗಳ ಮೇಲೆ ಇಟ್ಟೆ, ಹೊಸ ಹೊಲಿಗೆಯಿಂದ ಹಳೆಯದಕ್ಕೆ, ಅದರಿಂದ ಅದಕ್ಕಿಂತ ಹಳೆಯದಕ್ಕೆ.

"ನೋಡು, ಇದೆಲ್ಲ ನೀನು. ಇಲ್ಲಿವರೆಗೂ ಇದ್ದೆ. ಒಂದು ಎಳೇನೂ ಕತ್ತರಿಸಿಲ್ಲ ನಾನು. ವಾಪಸ್ ಬಾ ಅಕ್ಕಾ. ಆಪರೇಷನ್ ಆಗಲಿ, ಆಮೇಲೆ ಇಳಿಸುವಂತೆ. ನಾನೂ ನಿನ್ನ ಜೊತೆ ಸೊಪ್ಪು ತಿಂತೀನಿ. ಆವಾಗ ಇಳಿದರೆ ಅದು ನೀನೇ ಮಾಡಿದ್ದು. ಯಾವ ಡಾಕ್ಟರೂ ಬಾಯಿ ಬಿಡೋ ಹಾಗಿಲ್ಲ."

ಅವಳು ಆ ಬಟ್ಟೆಯ ಅಂಚನ್ನು ಉಗುರಲ್ಲಿ ಕೆರೆದಳು.

"ನಾನು ಕತ್ತರಿಸು ಅಂದಿದ್ದೆ."

"ನೀನು ನೂರು ಹೇಳ್ತೀಯ. ಯಾರು ಕೇಳ್ತಾರೆ?"

ಭಾವ ಆಗಲೇ ಅಡುಗೆಮನೆಯಲ್ಲಿ ಆಲೂಗಡ್ಡೆ ಬೇಯಲು ಇಟ್ಟಿದ್ದರು. ಕಿವುಚುತ್ತಾ, ಬೆಣ್ಣೆ ಹಾಕುತ್ತಾ, ಮೂಗು ಒರೆಸುತ್ತಾ ತಂದರು. ಅಕ್ಕ ಅಳುತ್ತಾ ತಿಂದಳು. ತಿಂದು ವಾಂತಿ ಮಾಡಿಕೊಂಡಳು. ಬಾಯಿ ಮುಕ್ಕಳಿಸಿ ಬಂದು ಮತ್ತೆ ತಟ್ಟೆಯ ಮುಂದೆ ಕೂತಳು. ಪುಸ್ತಕಗಳನ್ನೆಲ್ಲ ಮರುದಿನ ಭಾವನ ಕೈಯಲ್ಲಿ ಲೈಬ್ರರಿಗೆ ಕಳಿಸಿಬಿಟ್ಟಳು. ಕಳಿಸುವ ಮುಂಚೆ ತಾನು ಎಳೆದ ಪೆನ್ಸಿಲ್ ಗೆರೆಗಳನ್ನು ರಬ್ಬರಿನಿಂದ ಅಳಿಸಿದ್ದಳು.

ಆಮೇಲಿನ ದಿನಗಳಲ್ಲಿ ಅವಳು ತಿಂದ ಹಾಗೆ ಯಾರೂ ತಿಂದಿರಲಾರರು. ಔಷಧಿ ಏರಿಸಿದ ದಿನ ನೀರು ಕೂಡ ಒಳಗೆ ನಿಲ್ಲುತ್ತಿರಲಿಲ್ಲ, ಆದರೂ ಚಮಚ ಬಿಡುತ್ತಿರಲಿಲ್ಲ. ಹುಂ, ಇನ್ನೊಂದು ತುತ್ತು, ಈ ಕಡ್ಡಿ ಮುಂಡೇದಕ್ಕೋಸ್ಕರ ಎಂದು ತನಗೆ ತಾನೇ ಹೇಳಿಕೊಂಡು ನುಂಗುತ್ತಿದ್ದಳು. ನಾನು ದಿನಾ ಅಂಗಡಿ ಮುಚ್ಚಿ ನೇರ ಅಲ್ಲಿಗೇ ಹೋಗುತ್ತಿದ್ದೆ. ಪುಸ್ತಕವಿಲ್ಲದೆ ತಿನ್ನುವುದು ಅವಳಿಗೆ ಬೇಜಾರೆಂದು ಹಳೆಯ ವಾರಪತ್ರಿಕೆ ಓದಿ ಹೇಳುತ್ತಿದ್ದೆ.

ಒಂದು ಸಂಜೆ ಹೋದಾಗ ಅವಳು ಬಾಗಿಲಲ್ಲೇ ಕಾಯುತ್ತಿದ್ದಳು. ಮೈಮೇಲೆ ನೀಲಿ ಗೌನು. ಹೊಟ್ಟೆಯ ಹತ್ತಿರ ಗುಂಡಿ ಕೂಡುತ್ತಿರಲಿಲ್ಲ.

"ಬಿಗಿ ಆಗ್ತಿದೆ ಕಣೇ" ಎಂದಳು. ಮುಖದಲ್ಲಿ ನಾಚಿಕೆ, ಅದರೊಳಗೇ ಒಂದು ಚೂರು ಜಂಭ. "ಬಂದೆ ನೋಡು ವಾಪಸ್. ಖುಷಿನಾ?"

ಖುಷಿಯೇ! ನಾನು ಅವಳನ್ನು ಅಪ್ಪಿಕೊಂಡು ಕುಣಿದುಬಿಟ್ಟೆ. ಭಾವ ಡಿಪೋಗೆ ಫೋನು ಮಾಡಿ ಸಿಕ್ಕಿದವರಿಗೆಲ್ಲ ಹೇಳಿದರು. ಗೌನು ಅಂಗಡಿಗೆ ತಂದು ದೀಪದ ಕೆಳಗೆ ಹೊಲಿಗೆ ಬಿಚ್ಚಿ, ಹಿಂದಿನ ಚುಕ್ಕಿ ಸಾಲಿಗೆ ಸರಿಸಿ ಹೊಲಿದೆ. ಹಾಡು ಗುನುಗುತ್ತಾ ಹೊಲಿದೆ. ಕೆಲವೇ ದಿನಕ್ಕೆ ಮತ್ತೆ ಬಿಗಿಯಾಯಿತು. ಮತ್ತೆ ಬಿಚ್ಚಿದೆ, ಇನ್ನೂ ಹಿಂದಿನ ಸಾಲಿಗೆ ಹೋದೆ. ಬಂದ ಗಿರಾಕಿಗಳಿಗೆಲ್ಲ ಗೌನು ತೋರಿಸಿ, "ನಮ್ಮಕ್ಕ ಮೈ ತುಂಬಿಕೊಳ್ತಿದ್ದಾಳೆ" ಎಂದು ಹೇಳಿದ್ದೇ ಹೇಳಿದ್ದು. ಭುಜ ಮಾತ್ರ ಜಾರುತ್ತಿತ್ತು, ತೋಳಿನೊಳಗೆ ಕೈ ಬಡಿಗೆಯ ಹಾಗೆ ಆಡುತ್ತಿತ್ತು. ಮೊದಲು ಹೊಟ್ಟೆ ಬರುತ್ತದೆ, ಆಮೇಲೆ ಭುಜ ಬರುತ್ತದೆ ಅಂದುಕೊಂಡೆ.

ಡಾಕ್ಟರ ಹತ್ತಿರ ಮೂವರೂ ಮದುವೆಗೆ ಹೋಗುವವರ ಹಾಗೆ ಹೋದೆವು. ತೂಕದ ಯಂತ್ರದ ಮುಳ್ಳು ಏರಿತ್ತು. ಅಕ್ಕ ಅದರ ಮೇಲೆ ನಿಂತುಕೊಂಡೇ ಡಾಕ್ಟರ ಕಡೆ ತಿರುಗಿ, "ಪಾಸಾದೆನಾ?" ಎಂದಳು.

ಡಾಕ್ಟರು ಮುಳ್ಳು ನೋಡಲಿಲ್ಲ. ಅವಳ ತೋಳು ಹಿಡಿದು ನೋಡಿದರು, ಕಾಲಿನ ಮೇಲೆ ಬೆರಳಿಂದ ಒತ್ತಿದರು. ಒತ್ತಿದಲ್ಲಿ ತಗ್ಗು ಬಿದ್ದದ್ದು ಮೇಲೇಳಲಿಲ್ಲ. ಮಲಗಿಸಿ ಹೊಟ್ಟೆಯ ಮೇಲೆ ಒಂದು ಕೈಯಿಟ್ಟು ಇನ್ನೊಂದು ಕೈಯಿಂದ ತಟ್ಟುತ್ತಾ ಹೋದರು.

"ಚೆನ್ನಾಗಿ ತಿಂದೆ ಡಾಕ್ಟ್ರೇ" ಎಂದಳು ಅಕ್ಕ. "ಕೇಳಿ ಇವರನ್ನ."

"ಗೊತ್ತಮ್ಮ" ಎಂದರು ಡಾಕ್ಟರು. "ಇದು ಮೈ ಅಲ್ಲ. ನೀರು. ಹೊಟ್ಟೆ ಒಳಗೆ ನೀರು ತುಂಬಿಕೊಳ್ತಿದೆ."

ನೀರು ಸೂಜಿಯಿಂದ ತೆಗೆದರು, ಅದು ಮತ್ತೆ ತುಂಬಿಕೊಂಡಿತು. ಗಡ್ಡೆ ಹರಡಿಹೋಗಿದೆ, ಇನ್ನು ಆಪರೇಷನ್ ಮಾಡಿ ಉಪಯೋಗವಿಲ್ಲ ಎಂದು ಹೊರಗೆ ಕರೆದು ಭಾವನಿಗೂ ನನಗೂ ಹೇಳಿದರು. ನಾವು ಅಕ್ಕನಿಗೆ ಹೇಳುವ ಮುಂಚೆ ಅವಳೇ ಡಾಕ್ಟರನ್ನು ಕೇಳಿ ತಿಳಿದುಕೊಂಡಿದ್ದಳು. ಮನೆಗೆ ಬರುವಾಗ ದಾರಿಯುದ್ದಕ್ಕೂ ಭಾವನ ಕೈ ಹಿಡಿದುಕೊಂಡಿದ್ದಳು. ನನ್ನ ಕಡೆ ನೋಡಲಿಲ್ಲ.

ಆವತ್ತಿಂದ ಮನೆಯಲ್ಲಿ ಯಾರೂ ಅವಳಿಗೆ ತಿನ್ನು ಎನ್ನಲಿಲ್ಲ. ಭಾವ ಬೇಯಿಸಿದ ಆಲೂಗಡ್ಡೆ ಆರುತ್ತಾ ಕೂತಿರುತ್ತಿತ್ತು. ಒಂದು ದಿನ ಅಕ್ಕ, "ಆ ಹಸಿರು ಪುಸ್ತಕ ತರ್ತೀಯಾ? ಸುಮ್ಮನೆ ಓದೋಕೆ" ಎಂದಳು. ಲೈಬ್ರರಿಗೆ ಹೋಗಿ ಕೇಳಿದೆ. ಬೇರೆ ಯಾರೋ ಒಯ್ದಿದ್ದರು. ಬಂದು ಹೇಳಿದೆ.

"ಯಾರು? ದಪ್ಪಗಿದ್ದಾರಂತಾ?"

"ಹೂಂ."

"ಪಾಪ" ಎಂದಳು.

ಹಾಸಿಗೆ ಹಿಡಿದ ಮೇಲೂ ಅವಳಿಗೆ ನೀಲಿ ಗೌನೇ ಬೇಕು. ಸಡಿಲವಾದ ರಾತ್ರಿ ಉಡುಪು ಹೊಲಿದು ತಂದರೆ ಗೋಡೆ ಕಡೆ ತಿರುಗಿ ಮಲಗಿದಳು. ಹಾಗಾಗಿ ನಾನು ಗೌನನ್ನೇ ಬಿಚ್ಚುತ್ತಾ ಹೋದೆ. ಅವಳಿಗೆ ತಿಳಿಯಬಾರದೆಂದು, ನಿದ್ದೆ ಹತ್ತಿದಾಗ ತೆಗೆದುಕೊಂಡು ಹೋಗಿ, ಒಂದೊಂದೇ ಸಾಲು ಹಿಂದಕ್ಕೆ ಹೊಲಿದು, ಇಸ್ತ್ರಿ ಮಾಡಿ, ಗೂಟಕ್ಕೆ ಸಿಕ್ಕಿಸುತ್ತಿದ್ದೆ. ಹೊಟ್ಟೆ ಏರಿದರೂ ಗುಂಡಿ ಕೂಡುತ್ತಿತ್ತು. ನೋಡೇ, ಇನ್ನೂ ಸರಿಯಾಗೇ ಆಗುತ್ತೆ ಎನ್ನುತ್ತಿದ್ದಳು. ಹೂಂ ಅಕ್ಕಾ ಎನ್ನುತ್ತಿದ್ದೆ. ಡ್ರಮ್ಮಕ್ಕ ಆಗಿದ್ದ ಕಾಲದ ಸಾಲನ್ನೂ ದಾಟಿದೆ. ಕೊನೆಗೆ ಹೊಲಿಗೆ ಬಟ್ಟೆಯ ಅಂಚಿಗೇ ಬಂದು ನಿಂತಿತು, ಇನ್ನೊಂದು ಎಳೆ ಆಚೆ ಹೋದರೆ ಪಿಸಿಯುತ್ತದೆ.

ಅದನ್ನು ತೊಡಿಸುವಾಗ ಅಕ್ಕ ತನ್ನ ಪಕ್ಕೆಯ ಒಳಗೆ ಬೆರಳು ಹಾಕಿದಳು. ಹೊಲಿಗೆಯುದ್ದಕ್ಕೂ ಕಂಕುಳಿನಿಂದ ಸೊಂಟದವರೆಗೆ ತಡವಿದಳು.

"ಒಳಗೆ ಇನ್ನೂ ಬಟ್ಟೆ ಇದೆಯಾ?"

"ಇದೆ" ಎಂದೆ. "ಬೇಕಾದಷ್ಟಿದೆ."

"ಸುಳ್ಳಿ" ಎಂದಳು. ದರ್ಜಿಯ ಅಕ್ಕ ಅವಳು. ಇಷ್ಟು ದಿನವೂ ಅವಳಿಗೆ ಗೊತ್ತಿತ್ತು, ನಾನೇ ಪೆದ್ದಿ. ಬೆರಳು ಹೊರಗೆ ತೆಗೆದು ನನ್ನ ಕೆನ್ನೆಯ ಮೇಲೆ ಇಟ್ಟಳು. ಬೆರಳು ತಣ್ಣಗಿತ್ತು.

"ಅಳಬೇಡ ಕಣೇ ಕಡ್ಡಿ. ಇನ್ಮೇಲೆ ಹಿಡಿಯೋದೂ ಬೇಡ, ಬಿಡೋದೂ ಬೇಡ. ನನ್ನ ಅಳತೆ ಇದೇ. ಹಾಕು ಗುಂಡಿ."

ನಾನು ಕೆಳಗಿನಿಂದ ಒಂದೊಂದಾಗಿ ಗುಂಡಿ ಹಾಕುತ್ತಾ ಬಂದೆ.